ದಾರವಿಲ್ಲದ ಬೂಟು

ಬಕೆಟ್ಟಿಗೆ ಬಾವಿಯ ನೀರು ತುಂಬುವುದೋ ಅಡಿಗೆಮನೆಯ ನಲ್ಲಿಯ ಬೆಚ್ಚನೆಯ ನೀರು ತುಂಬುವುದೋ ಎಂದು ತೀರ್ಮಾನವಾಗದೆ ಇಮ್ರೊ ಐದು ನಿಮಿಷದಿಂದ ಹಿತ್ತಲಲ್ಲಿ ನಿಂತಿದ್ದ. ಬಾವಿಯ ನೀರೆಂದರೆ ಮೊನ್ನೆ ಮೊನ್ನೆಯ ತನಕ ಗುಡ್ಡದ ಮೇಲೆ ಹಿಮವಾಗಿ ಕೂತಿದ್ದದ್ದು. ಎಪ್ಪತ್ತೊಂದು ವರ್ಷದ ಅಮ್ಮನ ಬೆನ್ನ ಮೇಲೆ ಅದನ್ನು ಸುರಿಯಲು ಕೈ ಬರುವುದಿಲ್ಲ. ಬೆಚ್ಚನೆಯದನ್ನು ಸುರಿದರೆ ಅಮ್ಮ ಮುಂದಿನ ಈಸ್ಟರ್‌ವರೆಗೂ ಅದನ್ನೇ ಎತ್ತಿ ಆಡುತ್ತಾಳೆ. ಈಸ್ಟರ್ ಸೋಮವಾರ ಗಂಡಸರು ಸುರಿಯುವ ನೀರು ತಣ್ಣಗಿದ್ದಷ್ಟೂ ಹೆಂಗಸರಿಗೆ ಆರೋಗ್ಯ ಎಂದು ಅವರ ಊರು ಯಾವೊರಿನ್ಕದಲ್ಲಿ ಎಲ್ಲ ಗಂಡಸರೂ ನಂಬಿದ್ದರು, ಹೆಂಗಸರು ನಂಬಿದವರಂತೆ ಕಿರುಚುತ್ತಿದ್ದರು. ಅವನ ಹೆಂಡತಿ ರಾಜಧಾನಿ ಬ್ರಾತಿಸ್ಲಾವದವಳು. ಆ ಆರೋಗ್ಯ ತನಗೆ ಬೇಡವೆಂದು ಮಕ್ಕಳನ್ನು ಕರೆದುಕೊಂಡು ಹಬ್ಬಕ್ಕೆ ತವರಿಗೆ ಹೋಗಿದ್ದಳು. ಇಮ್ರಿಖ್ ಹಾಲ್ಕೊ, ಸ್ಲೊವಾಕಿಯಾದ ಅಂಗಿ ತೊಟ್ಟು ಮೂವತ್ತೊಂದು ಪಂದ್ಯ ಆಡಿದವನು, ಎಂಟು ಗೋಲು ಹೊಡೆದವನು, ಗೋಲಿನ ಮುಂದೆ ಅರೆಕ್ಷಣವೂ ಯೋಚಿಸುವುದಿಲ್ಲವೆಂದು ಪತ್ರಿಕೆಗಳಲ್ಲಿ ಹೊಗಳಿಸಿಕೊಂಡವನು, ಈಗ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಬಕೆಟ್ ನೀರಿನ ಮುಂದೆ ಹೀಗೆ ಕಂಬದಂತೆ ನಿಂತಿದ್ದ. ನಿಜ ಹೇಳಬೇಕೆಂದರೆ ತಲೆ ಕೆಡಿಸಿದ್ದು ನೀರಲ್ಲ. ಸಂಜೆ ಆರಕ್ಕೆ ಹಾಕಬೇಕಾದ ಒಂದು ಸಹಿ.

"ಇಮ್ರೊ!" ಒಳಗಿನಿಂದ ಅಮ್ಮ ಕೂಗಿದಳು. "ಏನೂ ಗೊತ್ತಿಲ್ಲದೋಳ ಹಾಗೆ ಆಲೂಗೆಡ್ಡೆ ಸುಲೀತಾ ಇನ್ನೆಷ್ಟು ಹೊತ್ತೋ ಕೂತಿರ್ಲಿ ನಾನು? ಆಲೂಗೆಡ್ಡೆ ಮುಗೀತಾ ಬಂತು!"

ಅವನು ಬಾವಿಯ ನೀರನ್ನೇ ಸುರಿದ. ಅಮ್ಮ ಇಡೀ ಬೀದಿಗೆ ಕೇಳುವಂತೆ ಕಿರುಚಿ, "ಅಯ್ಯೋ ಪಾಪಿ, ಹೆತ್ತ ತಾಯಿ ಕಣೋ ನಾನು!" ಎಂದು ಬೈದು, ಒದ್ದೆ ಕೂದಲಿನಲ್ಲೇ ನಗುತ್ತಾ ಅವನ ತೋಳಿಗೆ ಹಬ್ಬದ ಕೆಂಪು ರಿಬ್ಬನ್ ಕಟ್ಟಿದಳು. ಬಟ್ಟೆ ಬದಲಿಸಿ ಬಂದು ಹ್ಯಾಮ್, ಮೊಟ್ಟೆ, ಕಣ್ಣಲ್ಲಿ ನೀರು ಬರಿಸುವ ಖಾರದ ಬೇರಿನ ತುರಿ ಎಲ್ಲವನ್ನೂ ಅವನ ತಟ್ಟೆಗೆ ಬಡಿಸಿ, "ಸಂಜೆ ಕಾಮಿಲಾ ಟೀಚರ್ ಪುಸ್ತಕ ತರ್ತಾಳಂತಲ್ಲ. ಅದ್ರಲ್ಲಿ ನಿಮ್ಮಪ್ಪನ ಹೆಸರೂ ಇದೆಯಂತೆ," ಎಂದಳು. ಆ ಮಾತಿನಲ್ಲಿ ಸಂತೋಷವಿತ್ತೋ ಇನ್ನೇನಾದರೂ ಇತ್ತೋ ಇಮ್ರೊಗೆ ತಿಳಿಯಲಿಲ್ಲ. ಅವನ ಕಣ್ಣಲ್ಲಿ ನೀರು ಬಂದಿತ್ತು, ಅದಕ್ಕೆ ಖಾರದ ಬೇರಿನ ನೆಪ ಇತ್ತು.

ಪುಸ್ತಕ ಎಂದರೆ ಊರಿನ ಚರಿತ್ರೆಯ ಪುಸ್ತಕ. ಯಾವ ವರ್ಷ ನೆರೆ ಬಂತು, ಯಾವ ವರ್ಷ ಚರ್ಚಿನ ಗಂಟೆ ಬಿರುಕು ಬಿಟ್ಟಿತು, ಯಾರ ಹಸು ಮೂರು ಕರು ಹಾಕಿತು, ಎಲ್ಲವನ್ನೂ ನೂರು ವರ್ಷದಿಂದ ಒಬ್ಬರಾದ ಮೇಲೊಬ್ಬರು ದುಂಡಗಿನ ಅಕ್ಷರದಲ್ಲಿ ಬರೆಯುತ್ತ ಬಂದಿದ್ದರು. ಈಗಿನ ಸರದಿ ನಿವೃತ್ತ ಟೀಚರ್ ಕಾಮಿಲಾಳದು. ಅವಳು ಇಮ್ರೊಗೆ ಒಂದು ಇಡೀ ಪುಟ ಕೊಟ್ಟಿದ್ದಳು. ಚರ್ಚಿನ ಗಂಟೆಗೂ ಇಡೀ ಪುಟ ಸಿಕ್ಕಿರಲಿಲ್ಲ. ಗುರುವಾರ, ಓದಿ ನೋಡು, ಸೋಮವಾರ ಸಂಜೆ ಆರಕ್ಕೆ ಕೆಳಗೆ ಸಹಿ ಹಾಕು ಎಂದು ಕರೆದಾಗ ಅವನು ನಿಂತೇ ಓದಿದ್ದ. ಜರ್ಮನಿಯಲ್ಲಿ ಆರು ವರ್ಷ, ಗ್ರೀಸಿನಲ್ಲಿ ಮೂರು, ಸೈಪ್ರಸ್‌ನಲ್ಲಿ ಮೊಣಕಾಲು ಹೋಗುವ ತನಕ. ಮಳೆಯಲ್ಲಿ ಎಂಬತ್ತೆಂಟನೆಯ ನಿಮಿಷಕ್ಕೆ ತಲೆಯಿಂದ ಹೊಡೆದು ದೇಶವನ್ನು ಗೆಲ್ಲಿಸಿದ ಗೋಲು. ಎಲ್ಲ ಸರಿಯಾಗಿತ್ತು. ಮೇಲಿನಿಂದ ಮೂರನೆಯ ಸಾಲಿನಲ್ಲಿ 'ಫುಟ್‌ಬಾಲಿನ ಮೊದಲ ಪಾಠವನ್ನು ತಂದೆ ಕ್ಲಿಮೆಂಟ್ ಹಾಲ್ಕೊ ಅವರಿಂದ ಕಲಿತರು' ಎಂದಿತ್ತು. ಟೀಚರ್ ಬರೆದದ್ದರಲ್ಲಿ ತಪ್ಪಿಲ್ಲ. ಅವನೇ ಹೇಳಿದ್ದನ್ನು ಪತ್ರಿಕೆಯಿಂದ ತೆಗೆದು ಬರೆದಿದ್ದಳು. ಹೀಗೆ ಹೇಳಿದ್ದು ಒಂದು ಸಲವೇ, ಎರಡು ಸಲವೇ? ಮೊದಲ ಸಲ ಹದಿನೇಳನೆಯ ವಯಸ್ಸಿನಲ್ಲಿ, ಕಿರಿಯರ ರಾಷ್ಟ್ರೀಯ ಶಿಬಿರದಲ್ಲಿ. ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬೊಬ್ಬರೂ ತಮಗೆ ಮೊದಲು ಕಲಿಸಿದವರ ಹೆಸರು ಹೇಳುತ್ತಿದ್ದರು. ಒಬ್ಬನ ಮಾವ ಮೊದಲ ದರ್ಜೆಯ ಗೋಲ್‌ಕೀಪರ್, ಇನ್ನೊಬ್ಬನ ತಂದೆ ಸೈನ್ಯದ ತಂಡದಲ್ಲಿ ಆಡಿದವನು. ಸರದಿ ತನ್ನ ಕಡೆಗೆ ಬರುತ್ತಿದ್ದ ಹಾಗೆ ಇಮ್ರೊಗೆ ಕಂಡದ್ದು ನೀಲಿ ಕೋಟು, ಚರ್ಮದ ಚೀಲ, ಸೈಕಲ್ಲು, ಕಾಲಿಗೆ ದಪ್ಪ ಉಣ್ಣೆಯ ಕಾಲುಚೀಲ. ಊರಿನ ಪೋಸ್ಟಿನವಳು ಹೆಡ್ವಿಗ. ಆ ಹೆಸರು ಬಾಯಿಗೆ ಬಂತು, ನಾಲಗೆಯ ತುದಿಯಲ್ಲಿ ನಿಂತಿತು, ಅವನು "ನಮ್ಮಪ್ಪ" ಎಂದುಬಿಟ್ಟ. ಯಾರೂ ನಗಲಿಲ್ಲ. ಅದೇ ವಾರ ಜಿಲ್ಲೆಯ ಪತ್ರಿಕೆಯವನು ಕೇಳಿದಾಗ ಬೇರೆ ಹೇಳುವಂತಿರಲಿಲ್ಲ. ಆಮೇಲೆ ಅದು ಅವನ ಹುಟ್ಟಿದ ದಿನಾಂಕದ ಹಾಗೆ ಹೋದಲ್ಲೆಲ್ಲ ಜೊತೆಗೆ ಬಂತು.

ಅಪ್ಪನಾದರೋ ಜೇನು ಸಾಕುತ್ತಿದ್ದವನು, ಸಹಕಾರಿ ಫಾರಂನಲ್ಲಿ ಟ್ರಾಕ್ಟರ್ ರಿಪೇರಿ ಮಾಡುತ್ತಿದ್ದವನು. ಅವನು ಚೆಂಡನ್ನು ಒದ್ದದ್ದನ್ನು ಇಮ್ರೊ ನೋಡಿದ್ದು ಒಂದೇ ಒಂದು ಸಲ, ಅದೂ ಅದು ಜೇನುಗೂಡಿನ ಹತ್ತಿರ ಬಂದು ಬಿದ್ದದ್ದಕ್ಕೆ. ಆದರೂ ಅಪ್ಪ ಒಮ್ಮೆಯೂ "ನಾನೆಲ್ಲೋ ಕಲಿಸಿದ್ದು?" ಎಂದು ಕೇಳಲಿಲ್ಲ. ಆ ಎಂಬತ್ತೆಂಟನೆಯ ನಿಮಿಷದ ಗೋಲಿನ ಮರುದಿನ ಟಿ.ವಿ.ಯವರು ಮನೆಗೇ ಬಂದು, ಮಗನಿಗೆ ಏನೇನು ಕಲಿಸಿದಿರಿ ಎಂದಾಗ, ಅಪ್ಪ ಮೈಕಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು, ಆಫ್‌ಸೈಡ್ ಎಂದರೇನು, ಎದುರಾಳಿಯ ಕೊನೆಯ ಡಿಫೆಂಡರನಿಗಿಂತ ಮುಂದೆ ನಿಂತರೆ ಯಾವಾಗ ತಪ್ಪು, ಯಾವಾಗ ಅಲ್ಲ, ಎಲ್ಲವನ್ನೂ ಒಂದು ಕಡೆಯೂ ತಡವರಿಸದೆ ಹೇಳಿದ್ದ. ಹೇಳುವಾಗ ಕೈಗಳು ಮೇಜಿನ ಮೇಲೆ ಏನನ್ನೋ ಎತ್ತಿ ಇಡುತ್ತಿದ್ದವು, ಅಲ್ಲಿ ಏನೂ ಇರಲಿಲ್ಲ. ಹೋಟೆಲಿನ ಹಾಸಿಗೆಯ ಮೇಲೆ ಕೂತು ಅದನ್ನು ನೋಡಿದ ಇಮ್ರೊಗೆ ಇದೆಲ್ಲ ಅಪ್ಪನಿಗೆ ಎಲ್ಲಿಂದ ಗೊತ್ತಾಯಿತು ಎಂದು ಆಶ್ಚರ್ಯವಾಗಿತ್ತು. ಕೇಳಲಿಲ್ಲ. ಕೇಳಿದ್ದರೆ ಸುಳ್ಳಿನ ಮಾತೂ ಬರುತ್ತಿತ್ತು. ಅಪ್ಪ ತೀರಿಕೊಂಡು ಈಗ ಆರು ವರ್ಷ.

ಹತ್ತು ಗಂಟೆಗೆ ಊರಿನ ತಂಡದವರೆಲ್ಲ ಬಕೆಟ್ಟು, ಹೆಂಗಸರ ಕಾಲಿಗೆ ಮೆಲ್ಲಗೆ ತಟ್ಟಲು ವಿಲೋ ಕೊಂಬೆ ಹೆಣೆದ ಬೆತ್ತ ಹಿಡಿದು ಬಂದರು. ಮುಂದೆ ನಾಯಕ ಬೊಹುಶ್, ಊರಿನ ನಲ್ಲಿ ರಿಪೇರಿಯವನು, ಇಮ್ರೊನ ಶಾಲೆಯ ಜೊತೆಗಾರ. ಈ ದಿನದ ಎಡವಟ್ಟೆಲ್ಲ ಅವನದೇ. ಮಾರ್ಚ್‌ನಲ್ಲಿ ಹಿಮ ಬಿದ್ದು ನಿಂತುಹೋದ ರುದ್ನಿಚ್ಕದ ವಿರುದ್ಧದ ಪಂದ್ಯವನ್ನು ಯಾವತ್ತು ಆಡುವುದೆಂದು ಎರಡೂ ಊರಿನ ನಾಯಕರು ಕೂತು ಮಾತಾಡಿ, ಈಸ್ಟರ್ ಸೋಮವಾರವಾದರೆ ಎಲ್ಲರೂ ಊರಲ್ಲೇ ಇರುತ್ತಾರೆ ಎಂದು ಒಪ್ಪಿದ್ದರು. ಬೆಳಿಗ್ಗೆ ನೀರು ಸುರಿಯುವುದು, ಕುಡಿಯುವುದು ಮಾತ್ರ ಪಂದ್ಯ ಮುಗಿದ ಮೇಲೆ ಎಂದು ಕೈ ಕೈ ಕುಲುಕಿ ಪ್ರತಿಜ್ಞೆಯನ್ನೂ ಮಾಡಿದ್ದರು. ನೀರು ಸುರಿಸಿಕೊಂಡ ಹೆಂಗಸು ಬಣ್ಣದ ಮೊಟ್ಟೆಯನ್ನೂ ಒಂದು ಪುಟ್ಟ ಲೋಟ ಪ್ಲಮ್ ಸಾರಾಯಿಯನ್ನೂ ಕೊಡುತ್ತಾಳೆ, ಬೇಡ ಎಂದರೆ ಅವಳ ಆರೋಗ್ಯ ನಿಮಗೆ ಬೇಡ ಎಂದ ಹಾಗೆ. ಈ ಊರುಗಳಲ್ಲಿ ಹುಟ್ಟಿ ಬೆಳೆದ ಇಬ್ಬರು ಗಂಡಸರು ಇದನ್ನು ಮರೆತು ಪ್ರತಿಜ್ಞೆ ಮಾಡಿದ್ದು ಹೇಗೆ ಎಂಬುದು ಯಾರಿಗೂ ಅರ್ಥವಾಗಲಿಲ್ಲ. ನಾಲ್ಕನೆಯ ಮನೆ ದಾಟುವ ಹೊತ್ತಿಗೆ ಗೋಲ್‌ಕೀಪರ್ ಹಾಡಲು ಶುರುಮಾಡಿದ್ದ.

"ಒಂದೊಂದೇ ತುಟಿಗೆ ಮುಟ್ಟಿಸಿದ್ರೆ ಸಾಕು ಕಣ್ರೋ," ಎಂದು ಬೊಹುಶ್ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ. ಅವನ ಮೂಗು ಕೆಂಪಾಗಿತ್ತು. "ಲೇ ಇಮ್ರೊ, ನೀನಾದ್ರೂ ನೆಟ್ಟಗಿರು ಮಾರಾಯ. ಬಂದಾಗ್ಲಿಂದ ನಾಲ್ಕು ಪಂದ್ಯ ಆಯ್ತು, ಒಂದೂ ಗೋಲಿಲ್ಲ. ನಮ್ಮತ್ತೆ ಕೇಳ್ತಿದ್ಲು, ಟಿ.ವಿ.ಲಿ ಆಡ್ತಿದ್ದೋನು ಇವನೇನಾ, ಇಲ್ಲ ಇವನ ತಮ್ಮನಾ ಅಂತ."

ಇಮ್ರೊ ನಕ್ಕ. ನಗು ಬಂದಿತ್ತು, ಅವಮಾನವೂ ಆಗಿತ್ತು. ಊರಿಗೆ ಮರಳಿದಾಗಿನಿಂದ ಎರಡೂ ಒಟ್ಟಿಗೇ ಆಗುತ್ತಿದ್ದವು, ಮೊದಮೊದಲು ಇದ್ದಷ್ಟು ಚುಚ್ಚುತ್ತಿರಲಿಲ್ಲ. ಇಲ್ಲಿ ಮೈದಾನದ ಒಂದು ಮೂಲೆ ಇಳಿಜಾರು, ಇನ್ನೊಂದು ಮೂಲೆಯಲ್ಲಿ ಹೆಗ್ಗಣದ ಬಿಲ; ಚೆಂಡು ಎಲ್ಲಿಂದ ಬರುತ್ತದೆಂದು ಒದ್ದವನಿಗೂ ಗೊತ್ತಿರುವುದಿಲ್ಲ. ಆದರೂ ಅದು ನೆಪ. ನಿಜವಾದ ಕಾರಣ ಬೇಲಿಯಾಚೆ ಮಡಚುವ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ ಹೆಡ್ವಿಗ ಎಂದು ಅವನಿಗೆ ಗೊತ್ತಿತ್ತು. ಸಾವಿರಾರು ಜನ ಸಿಳ್ಳೆ ಹಾಕುತ್ತಿದ್ದಾಗ ಹಾಯಾಗಿ ಆಡಿದವನಿಗೆ ಆ ಒಬ್ಬಳ ಕಣ್ಣಿನ ಕೆಳಗೆ ಕಾಲು ಏಳುತ್ತಿರಲಿಲ್ಲ. ಅಂಗಡಿಯಲ್ಲಿ ಎದುರಾದರೆ ಅವನು ಬ್ರೆಡ್ಡಿನ ಬುಟ್ಟಿಯ ಮೇಲೆ ಬಗ್ಗಿ ನಿಲ್ಲುತ್ತಿದ್ದ, ಹತ್ತು ಬಗೆ ಬ್ರೆಡ್ಡಿದ್ದ ಹಾಗೆ. ಇದ್ದದ್ದು ಎರಡೇ ಬಗೆ.

ಹೆಡ್ವಿಗಳ ಮನೆಯ ಹಸಿರು ಗೇಟು ಬಂತು. ಗೆಳೆಯರೆಲ್ಲ ಗಲಾಟೆ ಮಾಡುತ್ತ ಒಳಗೆ ನುಗ್ಗಿದರು. ಎಪ್ಪತ್ತಾರು ವರ್ಷದವಳಿಗೆ ಒಂದು ಚೊಂಬು ನೀರು ಬೆನ್ನ ಮೇಲೆ ಹಾಕಿದರೆ ಸಾಕು ಎಂದು ಬೊಹುಶ್ ಹೇಳುವುದೂ, "ಚೊಂಬಾ? ನಾನೇನು ಹೂವಿನ ಕುಂಡಾನಾ? ಬಕೆಟ್ ತಾರೋ!" ಎಂದು ಅವಳು ಗದರಿಸುವುದೂ ಹೊರಗೆ ಕೇಳಿಸಿತು. ಇಮ್ರೊ ಗೇಟಿನ ಹೊರಗೇ ಉಳಿದು ಬಗ್ಗಿದ. ಹದಿನೇಳು ದಾಟಿದ ಮೇಲೆ ಹಬ್ಬಕ್ಕೆ ಊರಿಗೆ ಬಂದ ವರ್ಷಗಳಲ್ಲೆಲ್ಲ ಹೀಗೇ ಮಾಡಿದ್ದ. ಎಲ್ಲರೂ ಒಳಗೆ ಹೋಗುವಾಗ ಕಾಲಿನ ಹತ್ತಿರ ಏನೋ ಕೆಲಸ ಬೀಳುತ್ತಿತ್ತು.

"ಗೇಟಿನ ಹತ್ರ ಬಗ್ಗಿರೋನು ಯಾರೋ ಅದು?" ಎಂದು ಒಳಗಿನಿಂದ ಹೆಡ್ವಿಗಳ ದನಿ.

"ಇಮ್ರೊ, ಅತ್ತೆ. ಬೂಟಿನ ದಾರ ಕಟ್ಕೊಳ್ತಿದಾನೆ," ಎಂದ ಬೊಹುಶ್. ಊರಿನ ಹುಡುಗರಿಗೆಲ್ಲ ಅವಳು ಅತ್ತೆಯೇ.

"ಕಟ್ಕೊಳ್ಲಿ ಕಟ್ಕೊಳ್ಲಿ. ಇಪ್ಪತ್ತೆರಡು ವರ್ಷದಿಂದ ಕಟ್ಕೊಳ್ತಾನೇ ಇದಾನೆ, ಪಾಪ."

ಒಳಗೆ ಎಲ್ಲರೂ ನಕ್ಕರು. ಇಮ್ರೊ ತನ್ನ ಕಾಲು ನೋಡಿಕೊಂಡ. ರಸ್ತೆಯೆಲ್ಲ ಕೆಸರೆಂದು ಬೆಳಿಗ್ಗೆ ಅಪ್ಪನ ಹಳೆಯ ರಬ್ಬರ್ ಗಂಬೂಟು ಹಾಕಿಕೊಂಡು ಬಂದಿದ್ದ. ಮೊಣಕಾಲಿನವರೆಗೆ ಬರೀ ರಬ್ಬರು, ದಾರವೆಂಬುದೇ ಇರಲಿಲ್ಲ. ಕಿವಿ ಬಿಸಿಯಾಯಿತು. ಹೊರಗೆ ಬಂದ ಬೊಹುಶ್ ಆ ಬೂಟನ್ನೂ ಅವನ ಮುಖವನ್ನೂ ನೋಡಿ, ತನಗೆ ಸಿಕ್ಕ ಮೊಟ್ಟೆಯನ್ನು ಅವನ ಕೈಗಿಟ್ಟು ಮುಂದೆ ನಡೆದ.

ಅಗ್ನಿಶಾಮಕದ ಶೆಡ್ಡು ಆ ಗೇಟಿನಿಂದ ನೂರು ಹೆಜ್ಜೆ. ಅದರ ಹಿಂದಿನ ಗೋಡೆಗೆ ಈಗ ಹೊಸ ಸುಣ್ಣ ಹೊಡೆದಿದ್ದಾರೆ, ಆದರೂ ಅದರ ಕೆಳಗೆ ಚೆಂಡಿನ ಗುರುತುಗಳು ಇರಬೇಕು. ಮಧ್ಯಾಹ್ನ ಎರಡಕ್ಕೆ ಟಪಾಲು ಹಂಚಿ ಮುಗಿಸಿ ಹೆಡ್ವಿಗ ಸೈಕಲ್ಲನ್ನು ಅಲ್ಲಿ ಒರಗಿಸಿ, ಖಾಲಿ ಚೀಲವನ್ನು ಹಿಡಿಕೆಗೆ ನೇತುಹಾಕಿ, ಕೋಟಿನ ತೋಳು ಮಡಚುತ್ತಿದ್ದಳು. ಎಳೆ ವಯಸ್ಸಿನಲ್ಲಿ ಚಪ್ಪಲಿ ಕಾರ್ಖಾನೆಯ ಹೆಂಗಸರ ತಂಡದಲ್ಲಿ ಆಡಿದವಳು ಅವಳು. ತಂಡ ಮುಚ್ಚಿತು, ಅವಳು ಪೋಸ್ಟಿಗೆ ಸೇರಿದಳು, ಆಟ ಮಾತ್ರ ಮೈಯಲ್ಲಿ ಉಳಿದುಬಿಟ್ಟಿತ್ತು. ಎಂಟು ವರ್ಷದ ಇಮ್ರೊ ಗೋಡೆಗೆ ಚೆಂಡು ಒದೆಯುವುದನ್ನು ಒಂದು ದಿನ ನಿಂತು ನೋಡಿ, "ಕಣ್ಣು ಮುಚ್ಚಿದ್ರೆ ಚೆಂಡು ಮಾಯವಾಗಲ್ಲ, ನೀನು ಮಾಯವಾಗ್ತೀಯ," ಎಂದಿದ್ದಳು. ಅಲ್ಲಿಂದ ಒಂಬತ್ತು ವರ್ಷ. ಅವಳು ಎಸೆಯುವುದು, ಇವನು ತಲೆ ಕೊಡುವುದು, ಹಣೆ ಕೆಂಪಾಗುವ ತನಕ, ಅಪ್ಪನ ಜೇನುತುಪ್ಪ ಸವರಿಕೊಂಡು ಮಲಗುವ ತನಕ. ಅವಳು ಹೇಳುವುದೆಲ್ಲ ಟಪಾಲಿನ ಭಾಷೆಯಲ್ಲಿ. ಚೆಂಡಿನ ಹಿಂದೆ ಓಡಿದರೆ ಬೈಯುತ್ತಿದ್ದಳು. "ಕಾಗದ ಬರುತ್ತೆ ಅಂತ ನೀನು ಬೀದಿ ಬೀದಿ ಅಲೀತೀಯೇನೋ? ಅದಕ್ಕೆ ವಿಳಾಸ ಇರುತ್ತೆ. ನೀನು ಮನೇಲಿರು." ಮನೆ ಎಂದರೆ ಹತ್ತಿರದ ಗೋಲುಕಂಬದಿಂದ ಎರಡು ಹೆಜ್ಜೆ ಮುಂದಿನ ಜಾಗ. ಅವನ ಎಂಟು ಗೋಲುಗಳಲ್ಲಿ ಐದು ಆ ಎರಡು ಹೆಜ್ಜೆಯ ಜಾಗದಿಂದಲೇ ಬಂದವು. ಮಳೆಯಲ್ಲಿ, ಎಂಬತ್ತೆಂಟನೆಯ ನಿಮಿಷದಲ್ಲಿ, ಎಲ್ಲರೂ ಚೆಂಡಿನ ಹಿಂದೆ ನುಗ್ಗಿದಾಗ ಅವನೊಬ್ಬನೇ ಮನೆಯಲ್ಲಿದ್ದ. ಆಮೇಲೆ ಮೈಕು ಹಿಡಿದವನು ಅದನ್ನು ಎಲ್ಲಿ ಕಲಿತಿರಿ ಎಂದ. ಇವನು ನಮ್ಮಪ್ಪ ಎಂದ. ಯಾವೊರಿನ್ಕದಲ್ಲಿ ಆ ರಾತ್ರಿ ಟಿ.ವಿ. ಹಾಕದ ಮನೆ ಇರಲಿಲ್ಲ.

ಮೂರು ಗಂಟೆಗೆ ಮೈದಾನದಲ್ಲಿ ಸೇರಿದ ಇಪ್ಪತ್ತೆರಡು ಮಂದಿಯಲ್ಲಿ ನೇರವಾಗಿ ನಿಂತವರು ಹೆಚ್ಚೆಂದರೆ ಎಂಟು. ರುದ್ನಿಚ್ಕದವರೂ ಪ್ರತಿಜ್ಞೆ ಮಾಡಿದ್ದರು, ಅವರದೂ ಅದೇ ಗತಿಯಾಗಿತ್ತು. ಅವರ ಗೋಲ್‌ಕೀಪರ್ ಕಂಬವನ್ನು ಅಪ್ಪಿಕೊಂಡು ಅದಕ್ಕೆ ಹಬ್ಬದ ಶುಭಾಶಯ ಹೇಳುತ್ತಿದ್ದ. ಜಿಲ್ಲೆಯಿಂದ ಬಂದ ರೆಫರಿಯ ತಂಗಿಯನ್ನು ಇದೇ ಊರಿಗೆ ಕೊಟ್ಟಿತ್ತು. ತಂಗಿಗೆ ನೀರು ಹಾಕಿ, ತಂಗಿಯ ಅತ್ತೆಗೆ ಹಾಕಿ, ಅತ್ತೆಯ ಇಬ್ಬರು ನಾದಿನಿಯರಿಗೂ ಹಾಕಿ ಬರುವಾಗ ಅವನಿಗೆ ತಡವಾಗಿತ್ತು, ಸೀಟಿಯನ್ನು ಉಲ್ಟಾ ಹಿಡಿದು ಊದುತ್ತಿದ್ದ. ಬೇಲಿಯ ಉದ್ದಕ್ಕೂ ಕೂದಲು ಇನ್ನೂ ಒದ್ದೆಯಿದ್ದ ಹೆಂಗಸರು, ಸುಟ್ಟ ಸಾಸೇಜಿನ ಹೊಗೆ, ಮಧ್ಯೆ ಸ್ಟೂಲಿನ ಮೇಲೆ ಹೆಡ್ವಿಗ, ಅವಳ ಪಕ್ಕದಲ್ಲಿ ಚರಿತ್ರೆಯ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ ಕಾಮಿಲಾ ಟೀಚರ್. ಇಮ್ರೊನ ಕಣ್ಣು ಒಟ್ಟಿಗೆ ಕೂತ ಆ ಇಬ್ಬರ ಮೇಲೇ ಇತ್ತು. ಮೊದಲ ಸಲ ಚೆಂಡು ಬಂದಾಗ ಒದೆಯಲು ಹೋಗಿ ಹುಲ್ಲನ್ನು ಒದ್ದ.

"ಚೆಂಡು ಬೆಳ್ಳಗಿರೋದು ಕಣಪ್ಪಾ, ಹಸಿರಿರೋದಲ್ಲ!" ಎಂದು ಬೇಲಿಯಿಂದ ಬೊಹುಶನ ಅತ್ತೆ ಕೂಗಿದಳು.

ಆಟ ಹೇಗೋ ನಡೆಯಿತು. ನಡುವೆ ಎರಡು ಸಲ ಎರಡೂ ಕಡೆಯವರು ಒಂದೇ ಗೋಲಿನತ್ತ ಓಡಿದರು. ಬಿದ್ದವನನ್ನು ಎತ್ತಲು ಹೋದವನೂ ಬಿದ್ದು ಇಬ್ಬರೂ ಹಾಗೇ ಸ್ವಲ್ಪ ಹೊತ್ತು ಮಾತಾಡಿಕೊಂಡರು. ಅವರದೊಂದು, ಇವರದೊಂದು ಗೋಲು ಆದವು, ಯಾರು ಹೊಡೆದರೆಂದು ಈಗಲೂ ವಾದವಿದೆ. ಇಮ್ರೊಗೆ ಬರಬರುತ್ತ ನಗು ತಡೆಯಲಾಗಲಿಲ್ಲ. ಇಪ್ಪತ್ತು ವರ್ಷ ಆಡಿದ ಆಟ ಇದೇ ಆಟವೇ? ಜರ್ಮನಿಯಲ್ಲಿ ಒಂದು ಪಂದ್ಯ ಸೋತರೆ ಮೂರು ದಿನ ಊಟ ಸೇರುತ್ತಿರಲಿಲ್ಲ. ಇಲ್ಲಿ ಸೋತವರೂ ಗೆದ್ದವರೂ ಒಂದೇ ಬಾಣಲೆಯ ಸಾಸೇಜು ತಿನ್ನುತ್ತಾರೆ. ತನ್ನ ಸುಳ್ಳೊಂದೇ ಈ ಮೈದಾನದಲ್ಲಿ ಅಮಲೇರದೆ ನೆಟ್ಟಗೆ ನಿಂತಿದೆ ಎಂದು ಅವನಿಗೆ ಅನ್ನಿಸಿತು. ಕೊನೆಯ ನಿಮಿಷಗಳಲ್ಲಿ ಕಾರ್ನರ್ ಸಿಕ್ಕಿತು. ಬೊಹುಶ್ ಮೂಲೆಯ ಬಾವುಟ ಹಿಡಿದು ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ಗೋಲಿನ ಮುಂದೆ ಎಲ್ಲರೂ ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಇಮ್ರೊನೂ ಆ ಗುಂಪಿನಲ್ಲಿ ಸೇರಿ, ಚೆಂಡು ಎಲ್ಲಿ ಬಿದ್ದರೆ ಅಲ್ಲಿಗೆ ಓಡೋಣವೆಂದು ಅತ್ತಿತ್ತ ನೋಡುತ್ತಿದ್ದ.

"ಮನೇಲಿರೋ!"

ಬೇಲಿಯಿಂದ ಬಂದ ದನಿ ಅಷ್ಟು ಗಟ್ಟಿಯಾಗಿತ್ತೆಂದರೆ ಸಾಸೇಜು ಸುಡುತ್ತಿದ್ದವನೂ ತಿರುಗಿ ನೋಡಿದ. ಇಮ್ರೊನ ಕಾಲುಗಳು ಅವನನ್ನು ಕೇಳಲಿಲ್ಲ. ಹತ್ತಿರದ ಕಂಬದಿಂದ ಎರಡು ಹೆಜ್ಜೆ ಮುಂದೆ ಹೋಗಿ ನಿಂತವು. ಅಲ್ಲಿ ಬೇರೆ ಯಾರೂ ಇರಲಿಲ್ಲ, ತಂಪಾಗಿತ್ತು, ಎಂಟು ವರ್ಷದವನಾಗಿದ್ದಾಗಿನ ಹಾಗೆ ಹೊಟ್ಟೆಯೊಳಗೆ ಕಚಗುಳಿಯಾಯಿತು. ಬೊಹುಶ್ ಒದ್ದ ಚೆಂಡು ಓಲಾಡುತ್ತ ಬಂತು, ಅವನು ಕಣ್ಣು ಮುಚ್ಚಲಿಲ್ಲ, ಅದು ಹಣೆಗೆ ತಾಗಿ ಗೋಲಿನೊಳಗೆ ಹೋಯಿತು. ಕಂಬ ಅಪ್ಪಿದ್ದವನು ಹೋಗುವ ಚೆಂಡನ್ನು ನೋಡಿ ತಲೆದೂಗಿದ.

ರೆಫರಿ ಸೀಟಿ ಊದಿದ. "ಆಫ್‌ಸೈಡ್!"

ಇಮ್ರೊಗೆ ನಿಯಮ ಗೊತ್ತಿತ್ತು, ಆದರೆ ಮೂವತ್ತೊಂದು ಪಂದ್ಯ ಆಡಿದವನು ಹಳ್ಳಿಯ ರೆಫರಿಯ ಮೇಲೆ ಏರಿಹೋದ ಎಂದಾಗುವುದು ಬೇಡವೆಂದು ಬಾಯಿ ಮುಚ್ಚಿಕೊಂಡ. ಅಷ್ಟರಲ್ಲಿ ಹೆಡ್ವಿಗ ಸ್ಟೂಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬೇಲಿಯ ಬಾಗಿಲು ತೆರೆದು ನೇರವಾಗಿ ಒಳಗೆ ಬಂದೇಬಿಟ್ಟಳು.

"ಏನಪ್ಪಾ, ಕಾರ್ನರಿಗೆ ಆಫ್‌ಸೈಡು ಯಾವತ್ತಿಂದ ಬಂತು?"

"ಅಜ್ಜಿ, ನೀವು ಆಚೆ ಹೋಗಿ. ಇದೆಲ್ಲ ನಿಮಗೆ—"

"ಕಾರ್ನರು, ಥ್ರೋ, ಗೋಲ್ ಕಿಕ್ಕು. ಈ ಮೂರರಿಂದ ನೇರ ಬಂದ ಚೆಂಡಿಗೆ ಆಫ್‌ಸೈಡಿಲ್ಲ. ನಿನ್ನ ತಂಗೀನ ಕೇಳು, ಅವಳಿಗೂ ಗೊತ್ತು."

ಬೇಲಿಯ ಹತ್ತಿರ ರೆಫರಿಯ ತಂಗಿ ತಲೆಯಾಡಿಸಿದಳು. ರೆಫರಿ ಸೀಟಿಯನ್ನು ತಿರುಗಿಸಿ ಸರಿಯಾಗಿ ಹಿಡಿದುಕೊಂಡು, ಆಕಾಶ ನೋಡಿ, ಬೆರಳು ಮಡಿಚಿ ಏನನ್ನೋ ಲೆಕ್ಕ ಹಾಕಿ, ಇಮ್ರೊನ ಕಿವಿಯ ಹತ್ತಿರ ಬಗ್ಗಿ ಕೇಳಿದ. ತಾನು ಪಿಸುಗುಡುತ್ತಿದ್ದೇನೆ ಎಂದುಕೊಂಡಿದ್ದ, ದನಿ ಮಾತ್ರ ಮೈದಾನಕ್ಕೆಲ್ಲ ಕೇಳಿಸಿತು. "ಯಾರಪ್ಪ ಈಯಮ್ಮ?"

"ನನ್ನ ಕೋಚ್," ಎಂದ ಇಮ್ರೊ.

ಯೋಚನೆ ಮಾಡಿ ಹೇಳಿದ್ದಲ್ಲ. ಚೆಂಡು ಹಣೆಗೆ ತಾಗಿದ ಹಾಗೆ ಅದು ಬಾಯಿಗೆ ಬಂದು ತಾಗಿ ಹೊರಗೆ ಹೋಯಿತು. "ಎಂಟು ವರ್ಷದಿಂದ ಹದಿನೇಳರವರೆಗೆ ನಂಗೆ ಕಲಿಸಿದ್ದು ಇವರೇ. ನಮ್ಮಪ್ಪ ಅಲ್ಲ." ಹೇಳಿ ಅವನು ಸುತ್ತ ನೋಡಿದ, ಊರಿಗೆ ಊರೇ ಬಾಯಿ ತೆರೆದು ನಿಂತಿರುತ್ತದೆಂದು. ಯಾರೂ ನಿಂತಿರಲಿಲ್ಲ. ಬೊಹುಶನ ಅತ್ತೆ ಸಾಸೇಜಿಗೆ ಸಾಸಿವೆ ಹಚ್ಚುತ್ತಿದ್ದಳು.

"ಅದಕ್ಕೇನೀಗ?" ಎಂದ ಬೊಹುಶ್. "ಒಂಬತ್ತು ವರ್ಷ ದಿನಾ ಎರಡು ಗಂಟೆಗೆ ಶೆಡ್ಡಿನ ಗೋಡೆ ಧಬ್ ಧಬ್ ಅಂತಿತ್ತು. ನಮಗೇನು ಕಿವಿ ಇರ್ಲಿಲ್ವಾ? ನೀನು ಅಪ್ಪ ಅಂದೆ, ನಾವೂ ಅಪ್ಪ ಅಂದ್ವಿ. ನಿನ್ನಿಷ್ಟ." ಆಮೇಲೆ ರೆಫರಿಯ ಕಡೆ ತಿರುಗಿ, "ಗೋಲು ಕೊಡ್ತೀರೋ ಇಲ್ವೋ ಸ್ವಾಮಿ? ಸಾಸೇಜು ಆರ್ತಾ ಇದೆ," ಎಂದ. ರೆಫರಿ ಕೊಟ್ಟ. ರುದ್ನಿಚ್ಕದವರು ಚಪ್ಪಾಳೆ ಹೊಡೆದರು, ಪಂದ್ಯ ಮುಗಿದ ಮೇಲೆ ಕುಡಿಯುವುದು ಎಂಬ ಪ್ರತಿಜ್ಞೆಯ ಆ ಭಾಗವನ್ನಾದರೂ ಎಲ್ಲರೂ ನಿಷ್ಠೆಯಿಂದ ನಡೆಸಿದರು. ಇಪ್ಪತ್ತೆರಡು ವರ್ಷ ತಾನೊಬ್ಬನೇ ಹೊತ್ತುಕೊಂಡಿದ್ದೇನೆ ಎಂದುಕೊಂಡದ್ದನ್ನು ಊರಿಗೆ ಊರೇ ಇವನ ಜೊತೆ ಹೊತ್ತಿತ್ತು, ಒಂದು ದಿನವೂ ಕೈ ನೋಯುತ್ತದೆ ಎನ್ನದೆ. ಇಮ್ರೊಗೆ ಕೂತು ಅಳಬೇಕೆನ್ನಿಸಿತು, ಕೂತರೆ ಮೊಣಕಾಲು ಏಳಗೊಡುವುದಿಲ್ಲವೆಂದು ನಿಂತೇ ಇದ್ದ. ಹೆಡ್ವಿಗ ಆಗಲೇ ಸ್ಟೂಲಿನೊಂದಿಗೆ ಮನೆಯ ಕಡೆ ಹೊರಟಿದ್ದಳು.

ಐದೂವರೆಗೆ ಅವನು ಬಾವಿಯ ನೀರು ತುಂಬಿದ ಬಕೆಟ್ ಹಿಡಿದು ಹಸಿರು ಗೇಟಿನ ಮುಂದೆ ನಿಂತ. ಕಾಲಿಗೆ ಮತ್ತೆ ಅಪ್ಪನ ಗಂಬೂಟು. ಈ ಸಲ ಬಗ್ಗಲಿಲ್ಲ. ಗೇಟು ತೆರೆದು ಅಂಗಳಕ್ಕೆ ಬಂದರೆ ಹೆಡ್ವಿಗ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹಿಂದೆ ಅಡಿಗೆಮನೆಯಲ್ಲಿ, ಮೈದಾನದಿಂದ ಅವಳ ಮನೆಗೇ ಬಂದಿದ್ದ ಕಾಮಿಲಾ ಟೀಚರ್ ಪುಸ್ತಕ ಬಿಚ್ಚಿಕೊಂಡು ಕೂತದ್ದು ಕಾಣುತ್ತಿತ್ತು.

"ದಾರ ಕಟ್ಟಿ ಮುಗೀತೇನೋ?"

"ಮುಗೀತು ಅತ್ತೆ." ಅವನು ಬಕೆಟ್ ಎತ್ತಿದ.

"ತಡಿ. ಗಂಟೆ ಎಷ್ಟು?"

"ಐದೂವರೆ."

"ಹನ್ನೆರಡು ಹೊಡೆದ್ಮೇಲೆ ನೀರು ಹಾಕೋ ಸರದಿ ಯಾರದು?"

ಇಮ್ರೊ ಬಕೆಟ್ಟನ್ನು ನಿಧಾನವಾಗಿ ಕೆಳಗಿಟ್ಟ. "ಹೆಂಗಸರದು."

"ಹಾಗಾದ್ರೆ ಬಗ್ಗು. ಬಗ್ಗೋದು ಚೆನ್ನಾಗಿ ಬರುತ್ತಲ್ಲ ನಿಂಗೆ."

ಇಡೀ ಬಕೆಟ್ ನೀರು ನೆತ್ತಿಯಿಂದ ಬೆನ್ನಿಗೆ, ಬೆನ್ನಿನಿಂದ ಗಂಬೂಟಿನ ಒಳಗೆ ಇಳಿಯಿತು. ಅಮ್ಮ ಬೆಳಿಗ್ಗೆ ಕಿರುಚಿದ್ದು ನಾಟಕವಲ್ಲ ಎಂದು ಅವನಿಗೆ ಆಗ ತಿಳಿಯಿತು. ಹೆಡ್ವಿಗ ಖಾಲಿ ಬಕೆಟ್ಟನ್ನು ಗೋಡೆಗೆ ಒರಗಿಸಿ, ಒಳಗಿನಿಂದ ಟವೆಲ್ಲನ್ನೂ ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿಯನ್ನೂ ತಂದುಕೊಟ್ಟಳು. ಅವು ಗಂಡಸಿನ ಚಪ್ಪಲಿಗಳು, ಅವನ ಅಳತೆಯವು, ಹೊಸವು. ಅವನಿಗಾಗಿ ಯಾವಾಗಲೋ ತಂದಿಟ್ಟದ್ದು.

ಅಡಿಗೆಮನೆಯ ಮೇಜಿನ ಮೇಲೆ ಕೆಂಪು ನೀಲಿ ಮೊಟ್ಟೆಗಳ ಬುಟ್ಟಿ, ಉಪ್ಪಿನ ಡಬ್ಬಿ, ಒಂದು ಬಟ್ಟಲು ಅಕ್ರೋಟು. ಇಮ್ರೊ ಕೂತು, ಹಲ್ಲು ಕಟಕಟ ಎನ್ನುತ್ತಿರುವಾಗಲೇ, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನು ಹೇಳಿದ. "ನಾನು ಸುಳ್ಳು ಹೇಳ್ದೆ ಅತ್ತೆ. ಪೇಪರಲ್ಲಿ, ಟಿ.ವಿ.ಲಿ, ಎಲ್ಲ ಕಡೆ. ಪೋಸ್ಟಿನ ಹೆಂಗಸು ಕಲಿಸಿದ್ದು ಅಂದ್ರೆ ಹುಡುಗರು ನಗ್ತಾರೆ ಅಂತ ನಾಚಿಕೆ ಆಯ್ತು. ಆಮೇಲೆ ನಾಚಿಕೆ ಆಗಿದ್ದಕ್ಕೇ ನಾಚಿಕೆ ಆಯ್ತು. ನಿಮಗೆ ಬೇಜಾರಾಗಿರ್ಬೇಕು."

"ಆಗ್ದೆ ಏನು? ಮೂರು ದಿನ ನಿಮ್ಮನೆ ಟಪಾಲನ್ನ ಎಲ್ರಿಗಿಂತ ಕೊನೇಲಿ ಹಂಚಿದೆ." ಹೆಡ್ವಿಗ ಮೂರು ಪುಟ್ಟ ಲೋಟಕ್ಕೆ ಸಾರಾಯಿ ಬಗ್ಗಿಸಿದಳು. "ನಾಲ್ಕನೇ ದಿನ ನಿಮ್ಮಪ್ಪ ಬಂದ."

"ಅಪ್ಪ? ಇಲ್ಲಿಗೆ?"

"ನೀನು ಕೂತಿರೋ ಕುರ್ಚೀಲೇ ಕೂತ. ಕೈಯಲ್ಲೊಂದು ಜೇನುತುಪ್ಪದ ಜಾಡಿ, ಜೇಬಲ್ಲಿ ಆ ಪೇಪರು. ಮುಖ ಹೀಗೆ ಕೆಂಪಾಗಿತ್ತು. 'ಹೆಡ್ವಿಗಾ, ಹುಡುಗ ನನ್ನ ಹೆಸರು ಹೇಳಿಬಿಟ್ಟಿದಾನೆ. ಇನ್ಮೇಲೆ ಜನ ನನ್ನ ಕೇಳ್ತಾರೆ. ನಂಗೆ ಚೆಂಡು ದುಂಡಗಿರುತ್ತೆ ಅನ್ನೋದು ಬಿಟ್ರೆ ಏನೂ ಗೊತ್ತಿಲ್ಲ. ನಾನು ತಪ್ಪು ಹೇಳಿದ್ರೆ ಅವನ ಮರ್ಯಾದೆ ಹೋಗುತ್ತೆ. ನಂಗೂ ಸ್ವಲ್ಪ ಕಲಿಸ್ಕೊಡು' ಅಂದ. ಆಗಲೂ ಈಸ್ಟರ್ ಮುಗಿದಿತ್ತಷ್ಟೆ, ಮೊಟ್ಟೆ ಉಳಿದಿದ್ವು." ಅವಳು ಬುಟ್ಟಿಯಿಂದ ಮೊಟ್ಟೆ ತೆಗೆದು ಒಂದೊಂದೇ ಮೇಜಿನ ಮೇಲೆ ಇಡತೊಡಗಿದಳು. "ಕೆಂಪು ನಮ್ಮವರು, ನೀಲಿ ಅವರು. ಉಪ್ಪಿನ ಡಬ್ಬಿ ಗೋಲ್‌ಕೀಪರು. ಅಕ್ರೋಟು ಚೆಂಡು. ಮೂರನೇ ಸಂಜೆ ಆಫ್‌ಸೈಡು ಹೇಳ್ಕೊಡ್ತಿದ್ದೆ. ಮಾತಿನ ಮಧ್ಯೆ ಮೈಮರೆತು ನಿಮ್ಮಪ್ಪ ಕೊನೇ ಡಿಫೆಂಡರನ್ನ ಸುಲಿದು ತಿಂದುಬಿಟ್ಟ. ತಿಂದು, 'ಈಗ ಇವನು ಆಫ್‌ಸೈಡಾ?' ಅಂತ ಕೇಳಿದ."

ಇಮ್ರೊ ನಕ್ಕ. ನಗುತ್ತಿದ್ದಂತೆ ಮೈಕಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತ ಅಪ್ಪ ಕಂಡ, ಬರಿಯ ಮೇಜಿನ ಮೇಲೆ ಇಲ್ಲದ್ದನ್ನು ಎತ್ತಿ ಇಡುತ್ತಿದ್ದ ಆ ದಪ್ಪ ಬೆರಳುಗಳು ಕಂಡವು. ಅವು ಇಡುತ್ತಿದ್ದದ್ದು ಈ ಮೊಟ್ಟೆಗಳನ್ನು. ಅವನಿಗೆ ಅಳು ಬಂತು, ತಡೆಯಲು ಹೋಗಲಿಲ್ಲ. ಹೇಗೂ ಮುಖವೆಲ್ಲ ಒದ್ದೆಯಿತ್ತು. ಹೆಡ್ವಿಗ ಟವೆಲ್ಲನ್ನು ಅವನ ತಲೆಯ ಮೇಲೆ ಎಳೆದು ಗಸಗಸ ಒರೆಸಿದಳು.

"ಈಗ ಈ ಸಾಲು ಏನ್ ಮಾಡ್ಲಿ?" ಕಾಮಿಲಾ ಟೀಚರ್ ಪುಟ ತೋರಿಸಿ ಕೇಳಿದಳು. "ಪುಸ್ತಕದಲ್ಲಿ ಹೊಡೆದು ಹಾಕೋ ಹಾಗಿಲ್ಲ. ನೂರು ವರ್ಷದಲ್ಲಿ ಯಾರೂ ಹೊಡೆದಿಲ್ಲ."

"ಕ್ಲಿಮೆಂಟ್ ಹೆಸರು ತೆಗೀಬೇಡ," ಎಂದಳು ಹೆಡ್ವಿಗ ಥಟ್ಟನೆ. "ಅವನೂ ನನ್ನ ಶಿಷ್ಯನೇ."

ಇಮ್ರೊ ಪೆನ್ನು ತೆಗೆದುಕೊಂಡ. ಪುಟದ ಅಂಚಿನಲ್ಲಿ, ಆ ಮೂರನೆಯ ಸಾಲಿನ ಪಕ್ಕದಲ್ಲೇ, ಶಾಲೆಯ ದಿನಗಳಿಂದ ಸ್ವಲ್ಪವೂ ಸುಧಾರಿಸದ ಅಕ್ಷರದಲ್ಲಿ ಬರೆದ. 'ತಂದೆಗೂ ಮಗನಿಗೂ ಕಲಿಸಿದವರು ನಮ್ಮೂರಿನ ಪೋಸ್ಟಿನ ಹೆಡ್ವಿಗ ಮ್ರಾಜ್ಕೋವಾ. ಮಗನಿಗೆ ಶೆಡ್ಡಿನ ಗೋಡೆಯ ಹತ್ತಿರ, ತಂದೆಗೆ ಅಡಿಗೆಮನೆಯ ಮೇಜಿನ ಮೇಲೆ.' ಕೂದಲಿನಿಂದ ಒಂದು ಹನಿ ಬಿದ್ದು ಗೋಡೆ ಎಂಬ ಪದ ಸ್ವಲ್ಪ ಹರಡಿತು, ಟೀಚರ್ ಹಲ್ಲು ಕಚ್ಚಿ ಅದನ್ನು ಕರವಸ್ತ್ರದಿಂದ ಒತ್ತಿದಳು. ಹೆಡ್ವಿಗ ಕನ್ನಡಕ ಹಾಕಿಕೊಂಡು, ಪುಸ್ತಕವನ್ನು ತನ್ನ ಕಡೆ ತಿರುಗಿಸಿ, ವಿಳಾಸ ಸರಿಯಿದೆಯೇ ಎಂದು ನೋಡುವವಳ ಹಾಗೆ ಎರಡು ಸಲ ಓದಿದಳು.

"ಸರಿಯಿದೆ," ಎಂದಳು. "ಇನ್ನೊಂದು ಸಾಲು ಸೇರಿಸು. ಅಪ್ಪ ಕಲಿಯೋಕೆ ನಾಲ್ಕು ಸಂಜೆ ತಗೊಂಡ, ಮಗ ಇಪ್ಪತ್ತೆರಡು ವರ್ಷ."

ಇಮ್ರೊ ಅದನ್ನೂ ಬರೆದು, ಕೆಳಗೆ ಸಹಿ ಹಾಕಿದ.